ಮನಸ್ಸು ತಳಮಳಿಸುವಾಗ ಏನನ್ನು ಓದಬೇಕು?

ಪ್ರಶ್ನೆ: ಮೊದಲೆಲ್ಲ ಪುಸ್ತಕ ಹಿಡಿದರೆ ಕೆಳಗಿಡುತ್ತಿರಲಿಲ್ಲ. ಈಗ ದಿನಕ್ಕೊಂದು ಆತಂಕ. ಓದಿದರೆ ಸಮಾಧಾನವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಂದು ಪುಟವೂ ತಲೆಗೆ ಹತ್ತುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಓದುವ ಶಕ್ತಿ ಎಲ್ಲೂ ಹೋಗಿಲ್ಲ, ಮೊದಲು ಆ ಭಯ ಬಿಡಿ. ಒಂದು ವಾಕ್ಯ ಅರ್ಥವಾಗಬೇಕಾದರೆ ಅದರ ಮೊದಲ ಪದಗಳನ್ನು ಕೊನೆಯವರೆಗೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹಾಗೆ ಹಿಡಿದಿಡಲು ಯಾರ ತಲೆಯಲ್ಲೂ ಜಾಸ್ತಿ ಜಾಗ ಇರುವುದಿಲ್ಲ. ಚಿಂತೆ ಬಂದು ಕೂರುವುದೂ ಅದೇ ಜಾಗದಲ್ಲೇ. ಹಾಗಾಗಿ ಕಣ್ಣು ಸಾಲುಗಳ ಮೇಲೆ ಓಡುತ್ತದೆ, ಬೆರಳು ಪುಟ ತಿರುವುತ್ತದೆ. ಆಮೇಲೆ ನೋಡಿದರೆ ಕಥೆಯಲ್ಲಿ ಯಾರು ಯಾರ ಮೇಲೆ ಸಿಟ್ಟಾದರು ಅನ್ನುವುದೇ ನೆನಪಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಹೊಸ, ದಪ್ಪ ಕಾದಂಬರಿ ಹಿಡಿಯಬೇಡಿ. ಹೆಸರು ನೆನಪಿಡಬೇಕು, ಊರು ನೆನಪಿಡಬೇಕು, ಮುಂದೇನಾಗುತ್ತದೋ ಅಂತ ಕಾಯಬೇಕು. ಕಾದು ಕಾದು ಸಾಕಾಗಿರುವ ಮನಸ್ಸಿಗೆ ಇನ್ನೊಂದು ಕಾಯುವ ಕೆಲಸ ಯಾಕೆ? ನೀವು ಹಿಂದೆ ಓದಿ ಮೆಚ್ಚಿದ ಪುಸ್ತಕವನ್ನೇ ತೆಗೆಯಿರಿ. ಕಳೆದುಹೋದ ಹುಡುಗ ಕೊನೆಗೆ ಮನೆ ಸೇರುತ್ತಾನೆ ಅಂತ ನಿಮಗೆ ಗೊತ್ತು. ಗೊತ್ತಿದ್ದೂ ಅವನು ದಾರಿ ತಪ್ಪುವ ಪುಟ ಬಂದಾಗ ಎದೆ ಸ್ವಲ್ಪ ಬಿಗಿಯಾಗುತ್ತದೆ, ಬಾಗಿಲು ತಟ್ಟುವ ಪುಟ ಬಂದಾಗ ಸಡಿಲವಾಗುತ್ತದೆ. ಹೊರಗೆ ಯಾವುದಕ್ಕೂ ಖಾತ್ರಿ ಇಲ್ಲದಿರುವಾಗ ಇಲ್ಲಿ ಖಾತ್ರಿ ಇದೆ. ಎರಡು ಪುಟ ಮನಸ್ಸು ಬೇರೆ ಕಡೆ ಹೋದರೂ ಎಳೆ ತಪ್ಪುವುದಿಲ್ಲ. ಮೆಚ್ಚಿನ ಪುಟದಿಂದಲೇ ಶುರು ಮಾಡಿದರೂ ತಪ್ಪೇನಿಲ್ಲ. ಪತ್ತೇದಾರಿ ಕಥೆಗಳು ಇಂಥ ಕಾಲದಲ್ಲಿ ಹಿತವೆನಿಸುವುದಕ್ಕೂ ಕಾರಣ ಇದೇ ಅಂತ ನನಗನ್ನಿಸುತ್ತದೆ. ಎಷ್ಟೇ ಭಯ ಹುಟ್ಟಿಸಿದರೂ ಕೊನೆಯ ಪುಟದೊಳಗೆ ಎಲ್ಲ ಬಿಡಿಸಿ ಹೇಳುತ್ತವೆ.

ಸುದ್ದಿ ಹಾಗಲ್ಲ. ಅದಕ್ಕೆ ಕೊನೆಯ ಪುಟವೇ ಇಲ್ಲ. ಅದಕ್ಕೇ ಓದುವಷ್ಟು ಹೊತ್ತು ಫೋನ್ ಬೇರೆ ಕೋಣೆಯಲ್ಲಿರಲಿ.

ಅಷ್ಟಾದರೂ ಸಾಲು ಜಾರುತ್ತಿದ್ದರೆ ಗಟ್ಟಿಯಾಗಿ ಓದಿ. ಒಂದು ಪ್ಯಾರಾ ಸಾಕು. ಬಾಯಿ ಪ್ರತಿ ಪದವನ್ನೂ ಹೇಳಲೇಬೇಕಾದ್ದರಿಂದ ಓಟ ತಾನಾಗಿ ನಿಧಾನವಾಗುತ್ತದೆ, ಉಸಿರೂ ಒಂದು ಲಯಕ್ಕೆ ಬರುತ್ತದೆ. ಪದ್ಯವಾದರೆ ಇನ್ನೂ ಒಳ್ಳೆಯದು.

‘ಸುತ್ತ ಇಷ್ಟೆಲ್ಲ ಆಗುತ್ತಿರುವಾಗ ಕಥೆ ಓದುತ್ತಾ ಕೂರುವುದು ಸರಿಯಾ’ ಅಂತಲೂ ಎಷ್ಟೋ ಜನರಿಗೆ ಅಳುಕು. ಎರಡನೇ ಮಹಾಯುದ್ಧದ ಹೊತ್ತಿನ ಲಂಡನ್ ನೋಡಿ. 1940ರಲ್ಲಿ ಬೆತ್ನಲ್ ಗ್ರೀನ್ ಬಡಾವಣೆಯ ಗ್ರಂಥಾಲಯದ ಮೇಲೆ ಬಾಂಬು ಬಿತ್ತು. ಜನ ಆಶ್ರಯ ಪಡೆದಿದ್ದ ಅಲ್ಲಿನ ನೆಲದಡಿಯ ರೈಲು ನಿಲ್ದಾಣದಲ್ಲೇ ಆಮೇಲೆ ಪುಟ್ಟ ಗ್ರಂಥಾಲಯ ಶುರುವಾಯಿತು. ಅಮೆರಿಕದಲ್ಲಿ 1943ರಿಂದ 1947ರವರೆಗೆ ಸೈನಿಕರಿಗಾಗಿಯೇ ಪುಸ್ತಕಗಳ 12 ಕೋಟಿಗೂ ಹೆಚ್ಚು ಪ್ರತಿಗಳನ್ನು ಅಚ್ಚು ಹಾಕಿದರು. ಸಮವಸ್ತ್ರದ ಜೇಬಿಗೆ ಹಿಡಿಸುವ ಅಳತೆ, ಓದಲು ಸಲೀಸಾಗಲಿ ಅಂತ ಪುಟಕ್ಕೆ ಎರಡು ಕಾಲಂ. ಯುದ್ಧ ನಡೆಯುತ್ತಿದೆ ಅನ್ನುವುದು ಆ ಓದುಗರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಓದಿದ್ದರಿಂದ ಅವರು ಅದನ್ನು ಮರೆತುಬಿಡಲಿಲ್ಲ. ಮರುದಿನ ಮತ್ತೆ ಎದ್ದು ತಮ್ಮ ಪಾಲಿನ ಕೆಲಸಕ್ಕೆ ಹೋದರು. ನೀವು ಓದಲು ಕೂರುವ ಅರ್ಧ ಗಂಟೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ.

ದಿನಕ್ಕಿಷ್ಟು ಪುಟ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ನಿದ್ದೆ ಬಂದರೆ ಮಲಗಿ. ಕೆಲವು ದಿನ ಕಳೆದ ಮೇಲೆ ಹೊಸದೇನಾದರೂ ಬೇಕೆನಿಸಿದರೆ ಮೊದಲು ಸಣ್ಣ ಕಥೆಗಳನ್ನು ತೆಗೆಯಿರಿ. ಒಂದೇ ಸಲಕ್ಕೆ ಮುಗಿಯುವಂಥವು ಇರಲಿ. ಆದರೆ ವಾರಗಟ್ಟಲೆ ನಿದ್ದೆಯೂ ಇಲ್ಲ, ಊಟವೂ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಅದಕ್ಕೆ ಪುಸ್ತಕವೊಂದೇ ಸಾಲುವುದಿಲ್ಲ. ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಓದು ಜೊತೆಯಲ್ಲಿ ನಡೆಯುತ್ತಿರಲಿ.