ಟೇಪು ಹಿಡಿಯುವುದು ಎಲ್ಲಿಂದ ಸ್ವಾಮಿ?

ಕಳೆದ ವಾರ ಒಬ್ಬರು ಬಂದು ಮೊಬೈಲ್ ತೋರಿಸಿದರು. ಮ್ಯಾಪಿನಲ್ಲಿ ದರಿಯಾ ದೌಲತ್ ಮಹಲಿನ ನೆತ್ತಿಯಿಂದ ತಮ್ಮ ಸೈಟಿನವರೆಗೆ ಒಂದು ಗೆರೆ ಎಳೆದಿದ್ದರು. "ನೋಡಿ ಸಾರ್, 190 ಮೀಟರ್ ಬರುತ್ತೆ. ನೂರು ದಾಟಿತಲ್ಲ, ಪ್ಲಾನ್ ಹಾಕ್ಕೊಡಿ" ಅಂದರು. ನಾನು ಮೊದಲು ಎರಡು ಕಾಫಿ ತರಿಸಿದೆ. ಈ ಮಾತು ಬೇಗ ಮುಗಿಯುವುದಲ್ಲ ಅಂತ ಗೊತ್ತಿತ್ತು.

ಶ್ರೀರಂಗಪಟ್ಟಣದಲ್ಲಿ ಮನೆ ಪ್ಲಾನ್ ಹಾಕುವುದು ನನ್ನ ಕಸುಬು. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಮನೆ ಕಟ್ಟುವ ಹಾಗಿಲ್ಲ ಅನ್ನುತ್ತದೆ ಕೇಂದ್ರದ ಸ್ಮಾರಕ ಕಾಯ್ದೆ. ತಿಂಗಳಿಗೆ ಒಬ್ಬರಾದರೂ ಇದೇ ಗೆರೆ ಎಳೆದುಕೊಂಡು ಬರುತ್ತಾರೆ. ಕೆಲವರು ನಿಜವಾದ ಟೇಪು ಹಿಡಿದು ಮಗನನ್ನು ಆ ತುದಿಯಲ್ಲಿ ನಿಲ್ಲಿಸಿ ಅಳೆದಿರುತ್ತಾರೆ, ಪಾಪ. ಅಳತೆ ಸರಿಯಾಗೇ ಇರುತ್ತದೆ. ಶುರು ಮಾಡಿದ ಜಾಗ ಮಾತ್ರ ತಪ್ಪು.

ನೂರು ಮೀಟರ್ ಎಣಿಸುವುದು ಕಟ್ಟಡದ ಗೋಡೆಯಿಂದಲ್ಲ. ಗೋಪುರದಿಂದಲ್ಲ, ಗುಂಬಜಿನ ನಡುವಿನಿಂದಂತೂ ಅಲ್ಲವೇ ಅಲ್ಲ. ಸರ್ಕಾರ ಸಂರಕ್ಷಿತ ಅಂತ ಗುರುತಿಸಿದ ಜಾಗದ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ, ನಾಲ್ಕೂ ದಿಕ್ಕಿಗೆ. ದರಿಯಾ ದೌಲತ್ ಹೆಸರಿನ ಮುಂದೆ 'ಬಾಗ್' ಅಂತ ಇದೆ ಅಲ್ವಾ? ಬಾಗ್ ಅಂದರೆ ತೋಟ. ಟಿಪ್ಪು 1784ರಲ್ಲಿ ಕಟ್ಟಿಸಿದ್ದು ತೋಟದ ನಡುವಿನ ಅರಮನೆ. ಆ ತೋಟವೂ ಸ್ಮಾರಕದ ಪಾಲೇ. ಅಂದಮೇಲೆ ತೋಟದ ಅಂಚಿಗೆ ಬಂದು ಟೇಪು ಹಿಡಿಯಬೇಕು. ಹಾಗೆ ಹಿಡಿದಾಗ ನಮ್ಮ ಗಿರಾಕಿಯ 190 ಎಷ್ಟಕ್ಕೆ ಇಳಿಯಿತು ಅಂತ ಹೇಳುವುದು ಬೇಡ, ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಇನ್ನೊಂದು ತಪ್ಪು ಇದರ ಬೆನ್ನಿಗೇ ಬರುತ್ತದೆ. ನೂರು ದಾಟಿದರೆ ಸ್ವಾತಂತ್ರ್ಯ ಬಂತು ಅಂದುಕೊಳ್ಳುವುದು. ಮೊದಲ 100 ಮೀಟರ್ ನಿಷೇಧಿತ, ಅಲ್ಲಿ ಹೊಸದಾಗಿ ಪಾಯ ತೋಡುವ ಹಾಗಿಲ್ಲ. ಅದು ಮುಗಿದ ಮೇಲೆ *ಮತ್ತೆ* 200 ಮೀಟರ್ ನಿಯಂತ್ರಿತ. ಅಲ್ಲಿ ಕಟ್ಟಬಹುದು, ಆದರೆ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು. ಒಟ್ಟು 300. ಅನೇಕರು ಎರಡನ್ನೂ ಕೂಡುವ ಬದಲು 200ಕ್ಕೇ ಮುಗಿಯಿತು ಅಂತ ಲೆಕ್ಕ ಹಾಕುತ್ತಾರೆ.

ಸ್ಮಾರಕ ಚಿಕ್ಕದಾದರೆ ವಿನಾಯಿತಿ ಇದೆಯಾ ಅಂತ ಕೇಳುತ್ತಾರೆ. ಇಲ್ಲ. ನಮ್ಮಲ್ಲಿ 1799ರ ಮೇ 4ರಂದು ಟಿಪ್ಪುವಿನ ಶವ ಸಿಕ್ಕಿದ ಜಾಗ ಇದೆ. ಅಲ್ಲಿ ಮಹಲಿಲ್ಲ, ಗೋಪುರವಿಲ್ಲ, ಇರುವುದು ಒಂದು ಕಲ್ಲು. "ಆ ಕಲ್ಲಿಗೋಸ್ಕರ ನಮ್ ಸೈಟ್ ಖಾಲಿ ಬುಡ್ಬೇಕಾ ಸಾ?" ಅಂತ ಒಬ್ಬರು ಜಗಳಕ್ಕೇ ನಿಂತರು. ಲೆಕ್ಕ ಹಾಕಿ ತೋರಿಸಿದೆ. ಸ್ಮಾರಕ ಬರೀ ಒಂದು ಚುಕ್ಕೆ ಅಂತ ಇಟ್ಟುಕೊಂಡರೂ ಸುತ್ತ ನೂರು ಮೀಟರಿಗೆ ಹತ್ತಿರ ಹತ್ತಿರ 8 ಎಕರೆ ಆಗುತ್ತದೆ. ಮುನ್ನೂರು ಮೀಟರಿಗೆ 70 ಎಕರೆ. ಕಂಬದಹಳ್ಳಿಯ ಬಸದಿಗೋ ಗೋವಿಂದನಹಳ್ಳಿಯ ಪಂಚಲಿಂಗೇಶ್ವರಕ್ಕೋ ಆದರೆ ಒಂದು ಊರಿಗೆ ಒಂದು ಸುತ್ತು. ಇಲ್ಲಿ ಹಾಗಲ್ಲ. ರಂಗನಾಥಸ್ವಾಮಿ ದೇವಸ್ಥಾನ, ಜುಮ್ಮಾ ಮಸೀದಿ, ಕರ್ನಲ್ ಬೇಲಿಯ ಸೆರೆಮನೆ, ಇನ್‌ಮನ್ನನ ಸೆರೆಮನೆ, ಕೋಟೆ ಒಡೆದ ಜಾಗದ ಗೋಡೆ, ಎಲ್ಲ ಒಂದೇ ಕೋಟೆಯಲ್ಲಿವೆ. ನಡುವೆ ಜನ ಹಾಲು ತರುತ್ತಾರೆ, ಮದುವೆ ಮಾಡುತ್ತಾರೆ, ಬಟ್ಟೆ ಒಣಗಿಸುತ್ತಾರೆ. ಒಂದರ ಸುತ್ತು ತಪ್ಪಿಸಿಕೊಂಡರೆ ಇನ್ನೊಂದರ ಸುತ್ತಿಗೆ ಬಿದ್ದಿರುತ್ತೀರಿ.

ಅದೇ ಮನುಷ್ಯ ಬಿಡಲಿಲ್ಲ. 2017ರಲ್ಲಿ ಜೋಡಿ ರೈಲು ಹಳಿ ಹಾಕಲು ಟಿಪ್ಪುವಿನ ಶಸ್ತ್ರಾಗಾರವನ್ನೇ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿದರಲ್ಲ, ಈ ಕಲ್ಲನ್ನೂ ಸ್ವಲ್ಪ ಸರಿಸಲಿ ಬಿಡಿ ಅಂದರು. ತರ್ಕ ಚೆನ್ನಾಗಿದೆ. ರೈಲ್ವೆಯವರನ್ನು ಕೇಳಿ ಅಂದೆ.

"ಪುರಸಭೆ ಖಾತೆ ಕೊಟ್ಟಿದೆ, ಕರೆಂಟ್ ಕೊಟ್ಟಿದ್ದಾರೆ, ಬ್ಯಾಂಕು ಸಾಲವನ್ನೂ ಕೊಟ್ಟಿದೆ" ಅನ್ನುವವರಿಗೆ ಒಂದೇ ಮಾತು. ಅವರ್ಯಾರೂ ಪುರಾತತ್ವ ಇಲಾಖೆಯಲ್ಲ. ಖಾತೆ ಅಂದರೆ ಜಾಗದ ಕಂದಾಯ ನಿಮ್ಮ ಹೆಸರಿನಲ್ಲಿದೆ ಅಂತ ಅಷ್ಟೆ. ನಿಷೇಧಿತ ಜಾಗದಲ್ಲಿ ಕಟ್ಟಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಲ್ಲೇ ಇದೆ. ಕಾನೂನು ಬದಲಾಗುತ್ತಂತೆ ಅಂತ ಕಾಯುತ್ತಿರುವವರೂ ಇದ್ದಾರೆ. 2018ರಲ್ಲಿ ಲೋಕಸಭೆ ದಾಟಿದ ಮಸೂದೆಯೊಂದಿತ್ತು ನಿಜ, ಆದರೆ ಅದು ಸರ್ಕಾರಿ ಕಾಮಗಾರಿಗಳಿಗೆ ದಾರಿ ಬಿಡಲಿಕ್ಕೆ ತಂದದ್ದು, ನಿಮ್ಮ ಹೋಂಸ್ಟೇಗಲ್ಲ. ಅದೂ ಕಾಯ್ದೆಯಾಗಲಿಲ್ಲ.

ಇಷ್ಟು ಹೆದರಿಸಿದ ಮೇಲೆ ಉಲ್ಟಾ ಕಥೆಯನ್ನೂ ಹೇಳಬೇಕು. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಅದಕ್ಕೇ. ಕೋಟೆಯೊಳಗೆ ಒಬ್ಬ ಅಜ್ಜಿ ಇದ್ದಾರೆ. ಮನೆ ಅವರ ಅತ್ತೆಯ ಕಾಲದ್ದು, ನೂರು ಮೀಟರಿನೊಳಗೇ ಇದೆ. ಆರೇಳು ಮಳೆಗಾಲ ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗಿದ್ದರು. ಯಾಕಜ್ಜಿ ಅಂದರೆ, "ಹೆಂಚು ಮುಟ್ಟಿದ್ರೆ ಜೈಲಂತೆ ಕಣಪ್ಪ" ಅಂದರು. ಯಾರೋ ನೀಲಿ ಬೋರ್ಡು ಓದಿ ಹೇಳಿದ್ದರಂತೆ.

ಹಾಗಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಗೆ, ನಿಷೇಧಿತ ಜಾಗದಲ್ಲಿದ್ದರೂ, ರಿಪೇರಿಗೆ ಅರ್ಜಿ ಹಾಕಬಹುದು. ಅನುಮತಿ ಸಿಗುವುದೂ ಉಂಟು. ಹೆಂಚು ಬದಲಿಸುವುದು, ಬಿದ್ದ ಗಾರೆ ಮತ್ತೆ ಬಳಿಯುವುದು, ಗೆದ್ದಲು ತಿಂದ ತೊಲೆ ತೆಗೆಯುವುದು ರಿಪೇರಿ. ಒಂದು ಮಹಡಿ ಏರಿಸುವುದು ರಿಪೇರಿಯಲ್ಲ. ಪಕ್ಕಕ್ಕೆ ಒಂದು ರೂಮು ಎಳೆಯುವುದೂ ಅಲ್ಲ. ಮೇಲಕ್ಕೆ ಬೆಳೆದರೂ ಪಕ್ಕಕ್ಕೆ ಬೆಳೆದರೂ ಕಾನೂನಿನ ಕಣ್ಣಿಗೆ ಅದು ಹೊಸ ಕಟ್ಟಡವೇ. ಬೆಂಗಳೂರಿನಲ್ಲಿರುವ ಮಕ್ಕಳು ಶನಿವಾರ ಬಂದು "ಮೇಲೆ ಬರೀ ಒಂದು ಶೀಟ್ ರೂಮು ಸಾರ್" ಅನ್ನುತ್ತಾರಲ್ಲ, ಅವರು ಈ ಸಾಲನ್ನು ಎರಡು ಸಲ ಓದಲಿ.

ಅಜ್ಜಿಗೆ ಬೇಕಾಗಿದ್ದು ಮನೆ ಹಳೆಯದು ಅನ್ನುವುದಕ್ಕೆ ಕಾಗದ. ತಗಡಿನ ಟ್ರಂಕಿನಲ್ಲಿ ಕೆಇಬಿ ಕಾಲದ ಕರೆಂಟ್ ಬಿಲ್ಲು ಸಿಕ್ಕಿತು, ಮಗಳ ಬಾಣಂತನದ ಔಷಧಿ ಚೀಟಿಗಳ ನಡುವೆ. ಕಂದಾಯದ ರಸೀದಿಯೂ ಸಿಕ್ಕಿತು. ನಾಲ್ಕೂ ಕಡೆಯಿಂದ ಫೋಟೋ ತೆಗೆದೆ, ನಕ್ಷೆ ಹಾಕಿದೆ, ಅರ್ಜಿ ಕಳಿಸಿದೆ. ಕಾಯ್ದೆಯ ಪ್ರಕಾರ ಅರ್ಜಿ 15 ದಿನದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು, ಪ್ರಾಧಿಕಾರ 2 ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು, ಆಮೇಲೆ ಒಂದು ತಿಂಗಳಲ್ಲಿ ಉತ್ತರ ಬರಬೇಕು. ಬರಬೇಕು ಅಂತ ಬರೆದಿದೆ, ಅಷ್ಟು ಮಾತ್ರ ಹೇಳುತ್ತೇನೆ. ಮಳೆಗಾಲಕ್ಕೆ ಒಂದು ವಾರ ಮುಂಚೆ ಅರ್ಜಿ ಹಾಕುವವರಿಗೆ ನಾನೇನೂ ಮಾಡಲಾರೆ.

ಒಂದು ಎಚ್ಚರಿಕೆ. ನಾನು ಇಂಜಿನಿಯರು, ವಕೀಲನಲ್ಲ. ಮೇಲೆ ಹೇಳಿದ್ದೆಲ್ಲ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳ ಮಾತು. ರಾಜ್ಯದ ಪಟ್ಟಿಯೇ ಬೇರೆ, ಅದಕ್ಕೆ 1961ರ ಬೇರೆ ಕಾಯ್ದೆ. ದೇವಸ್ಥಾನ ಮುಜರಾಯಿಗೆ ಸೇರಿದ್ದು ಅನ್ನುವುದು ಪೂಜೆ, ಹುಂಡಿಯ ವಿಷಯ, ಅದರಿಂದ ಟೇಪಿನ ಲೆಕ್ಕ ಬದಲಾಗುವುದಿಲ್ಲ. ಮುಂಗಡ ಕೊಡುವ *ಮೊದಲು* ಸರ್ವೆ ನಂಬರ್ ಹಿಡಿದುಕೊಂಡು ಇಲಾಖೆಯ ಕಚೇರಿಗೇ ಹೋಗಿ ಕೇಳಿ. ಬ್ರೋಕರ್ ಕಾರಿನಲ್ಲಿ ಕೂತು ಕೇಳಬೇಡಿ. ಗುದ್ದಲಿ ಪೂಜೆಗೆ ಐನೋರನ್ನು ಗೊತ್ತು ಮಾಡಿದ ಮೇಲೆ ನನ್ನ ಹತ್ತಿರ ಬರಲೂಬೇಡಿ.

ಅಜ್ಜಿಗೆ ಅನುಮತಿ ಬಂತು. ಹೆಂಚು ಬದಲಾಯಿತು, ಸೋರುವುದು ನಿಂತಿತು. ಕೋತಿಗಳು ಮಾತ್ರ ಹೊಸ ಹೆಂಚನ್ನೂ ಬಿಡುತ್ತಿಲ್ಲ, ಅದಕ್ಕೂ ಒಂದು ಅರ್ಜಿ ಬರೆದುಕೊಡಪ್ಪ ಅಂತ ಮೊನ್ನೆ ಬಂದು ಕೂತಿದ್ದರು.