ಘಾಟಿ ಇಳಿಯುವ ಪಿಕಪ್‌ನ ಬಿಸಿ ಎಲ್ಲಿಗೆ ಹೋಗುತ್ತದೆ?

ಪಿಕಪ್ ಅಥವಾ ಜೀಪಿಗೆ ಟ್ರೇಲರ್ ಕಟ್ಟಿಕೊಂಡು ತೋಟದ ದಾರಿಯಲ್ಲಿ ಓಡಾಡುವವರು ಬ್ರೇಕು, ಶಾಕ್ ಅಬ್ಸಾರ್ಬರ್ ಬದಲಿಸುವಾಗ ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿಯದ್ದು ಒಳ್ಳೆಯದು ಅಂತ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಮೊದಲು ಕೇಳಬೇಕಾದ್ದು, ನಮ್ಮ ಗಾಡಿಯಲ್ಲಿ ಎಷ್ಟು ಬಿಸಿ ಹುಟ್ಟುತ್ತದೆ, ಎಷ್ಟು ಹೊತ್ತು ಹುಟ್ಟುತ್ತದೆ, ಅದು ಹೊರಗೆ ಹೋಗಲು ದಾರಿ ಇದೆಯಾ ಅಂತ. ಬ್ರೇಕು ಗಾಡಿಯ ಓಟವನ್ನು ಬಿಸಿಯಾಗಿ ಬದಲಿಸುತ್ತದೆ. ಶಾಕು ಗಾಡಿಯ ಕುಣಿತವನ್ನು ಬಿಸಿಯಾಗಿ ಬದಲಿಸುತ್ತದೆ. ಎರಡೂ ಕೈಕೊಡುವುದು ಆ ಬಿಸಿ ಒಳಗೇ ಉಳಿದಾಗ.

ಒಂದು ಲೆಕ್ಕ ನೋಡಿ. ಸಾಮಾನು ಸಮೇತ 2 ಟನ್ನಿನ ಪಿಕಪ್, ಹಿಂದೆ 1 ಟನ್ನಿನ ಟ್ರೇಲರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಈ ಜೋಡಿಯನ್ನು ನಿಲ್ಲಿಸಿದರೆ ಸುಮಾರು 4.2 ಲಕ್ಷ ಜೂಲ್ ಬಿಸಿ ಹುಟ್ಟುತ್ತದೆ. ನಾಲ್ಕೂ ಚಕ್ರದ ಡಿಸ್ಕು, ಡ್ರಮ್ಮು ಸೇರಿ 40 ಕಿಲೋ ಕಬ್ಬಿಣ ಅಂದುಕೊಳ್ಳಿ. ಅಷ್ಟು ಶಾಖಕ್ಕೆ ಅದು 23 ಡಿಗ್ರಿಯಷ್ಟು ಬಿಸಿಯಾಗಬಹುದು, ಅಷ್ಟೇ. ಏನೂ ತೊಂದರೆಯಿಲ್ಲ.

ಈಗ ಇದೇ ಗಾಡಿ ಆಗುಂಬೆಯಂಥ ಘಾಟಿ ಇಳಿಯಲಿ. ಹದಿನಾಲ್ಕು ತಿರುವು ಮುಗಿಸಿ ಸೋಮೇಶ್ವರ ಮುಟ್ಟುವಷ್ಟರಲ್ಲಿ ಹೆಚ್ಚುಕಮ್ಮಿ 500 ಮೀಟರ್ ಕೆಳಗೆ ಬಂದಿರುತ್ತೇವೆ. 3 ಟನ್ 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 1.47 ಕೋಟಿ ಜೂಲ್. ಮೂವತ್ತೈದು ಸಲ 60ರ ವೇಗದಿಂದ ನಿಲ್ಲಿಸಿದಷ್ಟು. ಕೊಡಗಟ್ಟಲೆ ತಣ್ಣೀರನ್ನು, ಸುಮಾರು 45 ಲೀಟರ್, ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಎಲ್ಲವೂ ಬ್ರೇಕಿಗೇ ಬಂದು, ಒಂದು ಚೂರೂ ಗಾಳಿಗೆ ಹೋಗದಿದ್ದರೆ ಆ 40 ಕಿಲೋ ಕಬ್ಬಿಣ 800 ಡಿಗ್ರಿ ಮುಟ್ಟುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ, ಗಾಳಿ ಒಂದಷ್ಟು ಒಯ್ಯುತ್ತದೆ, ಟೈರಿನ ಎಳೆತ ಒಂದಷ್ಟು ತಿನ್ನುತ್ತದೆ, ಮತ್ತು ಗೇರಿನಲ್ಲಿದ್ದರೆ ಎಂಜಿನ್ನು ದೊಡ್ಡ ಪಾಲು ಹೊರುತ್ತದೆ. ಗೇರಿನಲ್ಲಿದ್ದರೆ ಮಾತ್ರ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಹಾಕಿ ಇಳಿಯುವವರು ಇನ್ನೂ ಇದ್ದಾರೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಈಗಿನ ಎಂಜಿನ್‌ಗಳು ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ಲನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಆರದೆ ಇರಲು ಕುಡಿಯುತ್ತಲೇ ಇರುತ್ತವೆ. ಅಂದರೆ ನ್ಯೂಟ್ರಲ್‌ನಲ್ಲಿ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ.

ಡೀಸೆಲ್ ಎಂಜಿನ್ನಿನ ಹಿಡಿತ ಪೆಟ್ರೋಲಿನದಕ್ಕಿಂತ ಸಡಿಲ, ಅದೂ ಗೊತ್ತಿರಲಿ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಒಳಗೆ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿ ಗಾಳಿ ಎಳೆಯುವುದೇ ಕಷ್ಟವಾಗುತ್ತದೆ, ಆ ಕಷ್ಟವೇ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ಲಿನಲ್ಲಿ ಹಾಗಿಲ್ಲ. ಅದಕ್ಕೇ ದೊಡ್ಡ ಲಾರಿಗಳಿಗೆ ಹೊಗೆ ಹೋಗುವ ದಾರಿಗೆ ಅಡ್ಡ ಹಾಕಿ ಎಂಜಿನ್ನನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ಅಂತ ಬೇರೆಯೇ ಕೊಟ್ಟಿರುತ್ತಾರೆ. ನಮ್ಮ ಪಿಕಪ್ಪಿಗೆ ಇರುವ ಉಪಾಯ ಕೆಳಗಿನ ಗೇರು. ಘಾಟಿ ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು.

ಇಷ್ಟಾದ ಮೇಲೂ ಬ್ರೇಕು ಬಿಸಿಯಾಗುತ್ತದೆ. ಆಗ ಎರಡು ರೀತಿ ಕೈಕೊಡಬಹುದು. ಡಿಸ್ಕು, ಡ್ರಮ್ಮಿಗೆ ಒತ್ತಿ ಉಜ್ಜುವ ಪದರಕ್ಕೆ ಲೈನಿಂಗ್ ಅನ್ನುತ್ತಾರೆ (ಡಿಸ್ಕಿನಲ್ಲಿ ಅದು ಪ್ಯಾಡಿನ ಮೇಲಿರುತ್ತದೆ), ಅದು ಅತಿಯಾಗಿ ಕಾದರೆ ಹಿಡಿತ ಇಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಕುದಿಯುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ಸೀದಾ ಕೆಳಗೆ ಹೋಗುತ್ತದೆ.

ಇಲ್ಲಿ ಮಳೆಗಾಲದ ಊರಿನವರು ಗಮನಿಸಬೇಕಾದ ವಿಷಯ ಇದೆ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ನಿಧಾನಕ್ಕೆ ಹೀರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಅಂದರೆ ಹಳೆಯ ಡಾಟ್ 4ಗಿಂತ ಹೊಸ ಡಾಟ್ 3 ಎಷ್ಟೋ ವಾಸಿ. ಆದರೂ ಪ್ಯಾಡಿಗೆ ಸಾವಿರಾರು ರೂಪಾಯಿ ಸುರಿದವರು ಆಯಿಲ್ ಮಾತ್ರ ವರ್ಷಗಟ್ಟಲೆ ಮುಟ್ಟುವುದಿಲ್ಲ. ಭಾರ ಎಳೆಯುವ ಗಾಡಿಗೆ ಒಂದೇ ಒಂದು ಖರ್ಚು ಮಾಡಿ ಅಂದರೆ ನಾನು ಹೇಳುವುದು ಇದನ್ನೇ, ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಹೆಸರು ಹತ್ತಿರ ಇದೆ ಅಂತ ಡಾಟ್ 5 ಮಾತ್ರ ಬೆರೆಸಬೇಡಿ. ಅದು ಸಿಲಿಕೋನ್, ಜಾತಿಯೇ ಬೇರೆ.

ಇನ್ನು ಪ್ಯಾಡು. ಅದರ ಅಂಚಿನಲ್ಲಿ ಎಫ್‌ಎಫ್, ಜಿಜಿ, ಇಎಫ್ ಅಂತ ಎರಡು ಅಕ್ಷರ ಅಚ್ಚಾಗಿರುವುದುಂಟು. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಅಂತ. ಇ ಅಂದರೆ ಘರ್ಷಣೆಯ ಪ್ರಮಾಣ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಘಾಟಿಯವರಿಗೆ ಎರಡನೇ ಅಕ್ಷರವೇ ಮುಖ್ಯ. ಮೊದಲನೆಯದಕ್ಕಿಂತ ಅದು ಕೆಳಗಿದ್ದರೆ ಬೇಡ ಅನ್ನಿ. ತೂತು ಕೊರೆದ ಡಿಸ್ಕು ನೋಡಲು ಚಂದ, ಆದರೆ ಭಾರದ ಗಾಡಿಯಲ್ಲಿ ಆ ತೂತಿನ ಸುತ್ತಲೇ ಬಿರುಕು ಬಿಡುತ್ತದೆ. ಒಳಗೆ ಗಾಳಿ ಹಾಯುವ ದಪ್ಪ ಡಿಸ್ಕೇ ಸರಿ.

ದೊಡ್ಡ ಟೈರ್ ಹಾಕಿಸಿದವರು ಇನ್ನೊಂದು ನೆನಪಿಡಬೇಕು. ಟೈರ್ ಶೇಕಡಾ 10ರಷ್ಟು ದೊಡ್ಡದಾದರೆ, ಅದೇ ಬ್ರೇಕು ನೆಲದ ಮೇಲೆ ಹಾಕುವ ಹಿಡಿತ ಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರಂತೂ ಅದರ ತೂಕವನ್ನೂ ಪಿಕಪ್ಪೇ ನಿಲ್ಲಿಸಬೇಕು. ತಿರುವಿನಲ್ಲಿ ಹಿಂದಿನಿಂದ ತಳ್ಳಿಸಿಕೊಳ್ಳುತ್ತಾ ನಿಲ್ಲಿಸಬೇಕು. ಅಂಥ ಟ್ರೇಲರಿಗೆ ಪರಿಹಾರ ಪ್ಯಾಡಿನ ಅಂಗಡಿಯಲ್ಲಿ ಸಿಗುವುದಿಲ್ಲ.

ಶಾಕಿನ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. "ಹಿಂದೆ ಕೂತುಬಿಟ್ಟಿದೆ, ಶಾಕ್ ಹಾಕಿಸಬೇಕು" ಅನ್ನುತ್ತಾರೆ. ಆದರೆ ತೂಕ ಹೊರುವುದು ಸ್ಪ್ರಿಂಗು. ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಮೇಲೆ 200 ಕಿಲೋ ಕೂತಿದೆ, ಕೊಕ್ಕೆ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ, ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಅಂತ ಇಟ್ಟುಕೊಳ್ಳಿ. ಹಿಂದಿನ ಆಕ್ಸಲ್ ಮೇಲೆ 280 ಕಿಲೋ ಹೆಚ್ಚುತ್ತದೆ, ಮುಂದಿನದು 80 ಕಿಲೋ ಹಗುರಾಗುತ್ತದೆ. ಸ್ಟೇರಿಂಗ್ ತೇಲಿದ ಹಾಗೆ ಅನ್ನಿಸುವುದು ಇದಕ್ಕೇ. ಸರಿಮಾಡಲು ಸಾಮಾನನ್ನು ಸರಿಸಬೇಕು ಅಥವಾ ಲೀಫ್ ಸ್ಪ್ರಿಂಗ್ ನೋಡಿಸಬೇಕು. ಕೊಕ್ಕೆಯ ಮೇಲಿನ ಭಾರ ಪೂರ್ತಿ ತೆಗೆಯಲೂ ಹೋಗಬೇಡಿ, ಟ್ರೇಲರಿನ ತೂಕದ 10ರಿಂದ 15 ಶೇಕಡಾ ಅಲ್ಲಿರದಿದ್ದರೆ ಅದು ಬಾಲ ಬೀಸಲು ಶುರುಮಾಡುತ್ತದೆ.

ಶಾಕಿನ ಕೆಲಸ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು. ಸ್ಪ್ರಿಂಗ್ ಮೇಲಿನ ತೂಕ ದುಪ್ಪಟ್ಟಾದರೆ ಅದೇ ಶಾಕಿನ ಹತೋಟಿ ಸುಮಾರು ಶೇಕಡಾ 30 ಇಳಿಯುತ್ತದೆ. ಹಾಗಂತ ತೀರಾ ಬಿಗಿ ಶಾಕ್ ಹಾಕಿದರೆ ಖಾಲಿ ಗಾಡಿಯಲ್ಲಿ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ, ಚಾಲಕನ ಸೊಂಟವೂ ಕೇಳುತ್ತದೆ. ವಾರದಲ್ಲಿ ಹೆಚ್ಚು ದಿನ ಗಾಡಿ ಖಾಲಿ ಓಡುತ್ತದೋ, ತುಂಬಿ ಓಡುತ್ತದೋ ನೋಡಿ ಆರಿಸಬೇಕು.

ಮಡಿಕೇರಿಯಿಂದ ಮಾಂದಲಪಟ್ಟಿಗೆ ಹತ್ತುವ ಜೀಪುಗಳ ದಾರಿ ಬೇರೆ ಥರದ ಪರೀಕ್ಷೆ. ಕಲ್ಲಿನ ಮೇಲೆ ಶಾಕಿನ ಒಳಗಿನ ಪಿಸ್ಟನ್ ಬಿಡುವಿಲ್ಲದೆ ಮೇಲೆ ಕೆಳಗೆ ಓಡುತ್ತದೆ, ಸಣ್ಣ ತೂತುಗಳಲ್ಲಿ ಎಣ್ಣೆ ನುಗ್ಗಿ ಕಾಯುತ್ತದೆ. ಕಾದ ಎಣ್ಣೆ ತೆಳುವಾಗುತ್ತದೆ. ಸಾಮಾನ್ಯ ಎರಡು ಕೊಳವೆಯ ಟ್ವಿನ್‌ಟ್ಯೂಬ್ ಶಾಕಿನಲ್ಲಿ ಎಣ್ಣೆ, ಗಾಳಿ ಒಂದೇ ಕಡೆ ಇರುವುದರಿಂದ ನೊರೆಯೂ ಏಳುತ್ತದೆ. ನೊರೆ ಯಾವ ತೂತಿನಲ್ಲಾದರೂ ಸಲೀಸಾಗಿ ಜಾರುತ್ತದೆ, ಹಿಡಿತ ಹೋಯಿತು. ಒಂದೇ ಕೊಳವೆಯ ಮೋನೋಟ್ಯೂಬ್‌ನಲ್ಲಿ ನೈಟ್ರೋಜನ್ನನ್ನು ತೇಲುವ ಪಿಸ್ಟನ್ ಹಾಕಿ ಬೇರೆ ಇಟ್ಟು, ಜೋರು ಒತ್ತಡ ಕೊಟ್ಟಿರುತ್ತಾರೆ. ನೊರೆ ಏಳುವುದಿಲ್ಲ. ಎಣ್ಣೆ ಮತ್ತು ಹೊರಗಿನ ಗಾಳಿಯ ಮಧ್ಯೆ ಒಂದೇ ಗೋಡೆ ಇರುವುದರಿಂದ ಬೇಗ ಆರುತ್ತದೆ. ಜರ್ಮನಿಯ ಬಿಲ್‌ಸ್ಟೈನ್ 1957ರಲ್ಲೇ ಮರ್ಸಿಡಿಸ್ ಕಾರುಗಳಿಗೆ ಇದನ್ನು ಕೊಟ್ಟಿತ್ತು. ಆದರೆ ಆ ಒಂದೇ ಗೋಡೆಗೆ ಕಲ್ಲು ಬಡಿದು ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದ್ದು ಅಂಥ ಪೆಟ್ಟು ತಿಂದೂ ಓಡುತ್ತದೆ.

ಹಾಗಾಗಿ ತೋಟದೊಳಗೆ 10, 15ರ ವೇಗದಲ್ಲಿ ತೆವಳುವ ಗಾಡಿಗೆ ದಪ್ಪ ಕೊಳವೆಯ, ಗ್ಯಾಸ್ ತುಂಬಿದ ಟ್ವಿನ್‌ಟ್ಯೂಬ್ ಧಾರಾಳ ಸಾಕು. ಕಚ್ಚಾ ರಸ್ತೆಯಲ್ಲಿ ತಾಸುಗಟ್ಟಲೆ 40, 50ರಲ್ಲಿ ಓಡಿಸುವವರು ಮೋನೋಟ್ಯೂಬಿಗೆ ದುಡ್ಡು ಹಾಕಲಿ. ಇರುವ ಶಾಕು ಹೋಗಿದೆಯಾ ಅಂತ ತಿಳಿಯಲು ಕೆಟ್ಟ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ನಿಲ್ಲಿಸಿ. ಸೈಲೆನ್ಸರಿನಿಂದ ಕೈ ದೂರ ಇಟ್ಟು, ಬೆರಳ ತುದಿಯಿಂದ ಮಾತ್ರ ನಾಲ್ಕನ್ನೂ ಒಂದೊಂದಾಗಿ ಮುಟ್ಟಿ ನೋಡಿ. ಮೂರು ಬಿಸಿಯಿದ್ದು ಒಂದು ತಣ್ಣಗಿದ್ದರೆ, ಕೆಲಸ ಮಾಡದೆ ಸುಮ್ನೆ ನೇತಾಡುತ್ತಿರುವುದು ಅದೇ. ಬದಲಿಸುವಾಗ ಅದೇ ಆಕ್ಸಲ್ಲಿನ ಎರಡನ್ನೂ ಒಟ್ಟಿಗೆ ಬದಲಿಸಿ.