ಫಿಲ್ಟರ್ ಕೊಳ್ಳುವ ಮುನ್ನ ನೀರನ್ನು ಮೂಸಿ ನೋಡಿ

ನಲ್ಲಿ ನೀರಿನ ರುಚಿ ಕೆಟ್ಟಿದೆ ಎನ್ನುವಾಗ ಬಹಳ ಸಲ ಕೆಟ್ಟಿರುವುದು ವಾಸನೆ. ಮೂಗು ಹಿಡಿದು ಒಂದು ಗುಟುಕು ಕುಡಿಯಿರಿ. ಆಗಲೂ ಉಪ್ಪುಪ್ಪು ಅನಿಸಿದರೆ ಅದು ಕರಗಿದ ಲವಣ. ಇದ್ದಿಲು ತುಂಬಿದ ಕಾರ್ಬನ್ ಫಿಲ್ಟರ್ ಅದನ್ನು ಮುಟ್ಟುವುದೇ ಇಲ್ಲ, ಕುದಿಸಿದರೆ ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಆರ್‌ಒ ಬೇಕು.

ಉಳಿದದ್ದಕ್ಕೆ ಎರಡು ಲೋಟ ಸಾಕು. ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಒಂದು ಲೋಟ ಹಿಡಿಯಿರಿ, ಎರಡು-ಮೂರು ನಿಮಿಷ ಹರಿಸಿ ಇನ್ನೊಂದು. ಎರಡನ್ನೂ ಸಿಂಕಿನಿಂದ ದೂರ ಒಯ್ದು ಮೂಸಿ; ನಾತ ನೀರಿನದ್ದಲ್ಲ, ಸಿಂಕಿನ ಕೊಳವೆಯದ್ದು ಎಂದು ತಿಳಿಯುವುದು ಅಪರೂಪವೇನಲ್ಲ.

ಮೊದಲ ಲೋಟ ಮಾತ್ರ ಕಿಲುಬು ಕಿಲುಬಾಗಿದ್ದರೆ ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿಗೆ ಕಬ್ಬಿಣವೋ ತಾಮ್ರವೋ ಇಳಿದಿದೆ. ಆ ನೀರನ್ನು ನೆಲ ಒರೆಸಲು ಬಳಸಿ. ಸೀಸಕ್ಕೆ ಮಾತ್ರ ರುಚಿಯೇ ಇಲ್ಲ, ಹಳೆಯ ಪೈಪಿದ್ದರೆ ನಾಲಿಗೆಯನ್ನು ನಂಬದೆ ಪರೀಕ್ಷೆ ಮಾಡಿಸಬೇಕು. ಒಂದೇ ನಲ್ಲಿಯಲ್ಲಿ ತೊಂದರೆಯಿದ್ದರೆ ಅದರ ಮೂತಿಯ ಜಾಲರಿ ಬಿಚ್ಚಿ, ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ ಉಜ್ಜಿ. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ನಾತವೇ? ಗೀಸರ್ ತುಕ್ಕು ಹಿಡಿಯದಂತೆ ಒಳಗಿಟ್ಟ ಮೆಗ್ನೀಸಿಯಂ ಸರಳಿನ ನೆರವಿನಿಂದ ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತಿರುತ್ತವೆ. ಸರಳನ್ನು ಕಿತ್ತುಹಾಕಿದರೆ ಟ್ಯಾಂಕೇ ತುಕ್ಕು ಹಿಡಿದೀತು. ಅಲ್ಯೂಮಿನಿಯಂ-ಸತು ಸರಳು ಹಾಕಿಸಿ.

ಎರಡೂ ಲೋಟ ಒಂದೇ ತರಹ ಇದ್ದರೆ ಕಾರಣ ಬಹುತೇಕ ಮನೆಯ ಹೊರಗಿನದು, ಹೆಚ್ಚಾಗಿ ಕ್ಲೋರಿನ್. ಅಗಲ ಬಾಯಿಯ ಪಾತ್ರೆಯಲ್ಲಿ ಕೆಲವು ಗಂಟೆ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಹೋಗದಿದ್ದರೆ ಹಾಕಿರುವುದು ಕ್ಲೋರಮಿನ್, ಅಂದರೆ ಕ್ಲೋರಿನ್-ಅಮೋನಿಯ ಸೇರಿದ್ದು, ಇರಬಹುದು. ಎರಡಕ್ಕೂ ಸಿ ಜೀವಸತ್ವ ಸಾಕು: 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 2.5 ಮಿಲಿಗ್ರಾಂ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೆ 500 ಮಿಲಿಗ್ರಾಂನ ಒಂದು ಮಾತ್ರೆ 200 ಲೀಟರಿಗೆ ಆಗುತ್ತದೆ, ಹೂಜಿಗೆ ಮಾತ್ರೆಯ ಚೂರೂ ಹೆಚ್ಚೇ. ಆದರೆ ಕ್ಲೋರಿನ್ ಹೋದ ನೀರಿಗೆ ಕಾವಲೂ ಹೋಯಿತು. ಫ್ರಿಜ್‌ನಲ್ಲಿಟ್ಟು ಒಂದು ದಿನದಲ್ಲಿ ಮುಗಿಸಿ.

ಆಸ್ಪತ್ರೆಯ ಔಷಧಿಯಂಥ ವಾಸನೆ ಬಂದರೆ ರಬ್ಬರ್ ಹೋಸ್, ವಾಷರ್‌ಗಳ ಮೇಲೆ ಕಣ್ಣಿಡಿ. ಅವುಗಳಿಂದ ಬಿಡುವ ಫೀನಾಲ್ ಕ್ಲೋರಿನ್ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಕುಡಿಯುವ ನೀರಿಗೆಂದೇ ತಯಾರಾದ ಹೋಸ್ ಹಾಕಿದರೆ ಮುಗಿಯಿತು.

ಮಣ್ಣಿನ ವಾಸನೆ ಜಿಯೋಸ್ಮಿನ್‌ನದು. ಜಲಾಶಯದ ನೀಲಿ-ಹಸಿರು ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲಿರುವುದೂ ಇದೇ. ಅಲ್ಲಿ ಹಿತ, ಲೋಟದಲ್ಲಿ ಅಲ್ಲ. ಲೀಟರಿಗೆ 10 ನ್ಯಾನೋಗ್ರಾಂ ಇದ್ದರೂ ಅನೇಕರ ಮೂಗು ಹಿಡಿಯುತ್ತದೆ. ಆ ಪ್ರಮಾಣದಲ್ಲಿ ಅಪಾಯವಿಲ್ಲ. ವಾಸನೆ ಬೇಡವೆಂದರೆ ಕಾರ್ಬನ್ ಫಿಲ್ಟರ್ ಮದ್ದು. ನೀರು ನಿಧಾನವಾಗಿ ಇಳಿಯಬೇಕು. ರಭಸಕ್ಕೆ ಇದ್ದಿಲು ಹಿಡಿಯುವುದಿಲ್ಲ. ಹೊಸ ಕಾರ್ಟ್ರಿಜ್‌ನ ಮೊದಲ ಕೆಲವು ಲೀಟರ್ ಚೆಲ್ಲಿ, ಹೇಳಿದಷ್ಟು ಲೀಟರ್ ಆದಮೇಲೆ ಬದಲಿಸಿ. ಇಲ್ಲದಿದ್ದರೆ ಅದು ಹಿಡಿದದ್ದನ್ನೇ ಮತ್ತೆ ಬಿಟ್ಟೀತು, ಒಳಗೆ ಬ್ಯಾಕ್ಟೀರಿಯಾವೂ ಬೆಳೆದೀತು.

ಪೆಟ್ರೋಲ್ ಅಥವಾ ಚರಂಡಿ ವಾಸನೆ ಥಟ್ಟನೆ ಬಂದರೆ ಈ ಯಾವ ಉಪಾಯವೂ ಬೇಡ. ಕುಡಿಯುವುದು ನಿಲ್ಲಿಸಿ, ನೀರು ಪೂರೈಸುವವರಿಗೆ ತಿಳಿಸಿ. ನೆಲಕ್ಕೆ ಚೆಲ್ಲಿದ ಪೆಟ್ರೋಲ್ ಪಾಲಿಥೀನ್ ಪೈಪಿನ ಗೋಡೆಯನ್ನೇ ದಾಟಿ ಒಳಬರಬಲ್ಲದು; ಆಮೇಲೆ ಎಷ್ಟು ನೀರು ಹರಿಸಿದರೂ ವಾಸನೆ ಬಿಡದು, ಅಷ್ಟುದ್ದದ ಪೈಪನ್ನು ಕತ್ತರಿಸಿ ಹೊಸದು ಹಾಕಬೇಕಾಗುತ್ತದೆ.